ಇದು ಯಾವ ನೆಲ್ಲಿ? ಕಾಯಿ ಆಮೇಲೆ, ಮೊದಲು ಕಡ್ಡಿ ನೋಡಿ

ಕಾರ್ತೀಕ ಬಂತು ಅಂದ್ರೆ ಈ ಪ್ರಶ್ನೆ ಶುರುವಾಗತ್ತೆ. ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆ ತಂದವರು, ಬೆಟ್ಟ ಹತ್ತಿ ಬಂದವರು, ಸಂತೇಲಿ ಕಾಯಿ ಕೊಂಡವರು, ಎಲ್ಲರೂ ಒಂದು ಫೋಟೋ ಕಳಿಸಿ "ಇದು ಕಾಡು ನೆಲ್ಲೀನಾ, ಕಸಿ ನೆಲ್ಲೀನಾ, ಬೇರೆ ಯಾವ್ದಾದ್ರೂನಾ" ಅಂತ ಕೇಳ್ತಾರೆ. ಫೋಟೋದಲ್ಲಿ ಹತ್ತಕ್ಕೆ ಒಂಬತ್ತು ಸಲ ಇರೋದು ಅಂಗೈ ಮೇಲೆ ನಾಲ್ಕು ಕಾಯಿ, ಅಷ್ಟೇ. ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟ ಅನ್ನೋ ಮಾತು ನಮ್ಮಲ್ಲಿದೆ ನಿಜ, ಆದ್ರೆ ಅಂಗೈಲಿರೋ ಕಾಯಿ ಒಂದನ್ನೇ ನೋಡಿ ಅದರ ಪ್ರಭೇದ ಹೇಳೋದು ಕಷ್ಟ. ಕಾಯಿ ಗಾತ್ರ ಮಳೆಗೆ ಬದಲಾಗತ್ತೆ, ಮಣ್ಣಿಗೆ ಬದಲಾಗತ್ತೆ, ಮರದ ವಯಸ್ಸಿಗೆ ಬದಲಾಗತ್ತೆ. ಕಡ್ಡಿ, ಎಲೆ, ತೊಗಟೆ, ಹೂವು ಅಷ್ಟು ಸುಲಭವಾಗಿ ಬದಲಾಗಲ್ಲ. ಹಾಗಾಗಿ ಈ ಕ್ರಮದಲ್ಲಿ ನೋಡಿ ಅಂತ ಒಂದೇ ಕಡೆ ಬರೀತಾ ಇದೀನಿ.

ಮೊದಲು ಹೆಸರಿನ ಗೊಂದಲ ಬಿಡಿಸ್ಕೊಳ್ಳಣ. ನಾವು ನೆಲ್ಲಿ ಅನ್ನೋ ಗಿಡಗಳೆಲ್ಲ ಫಿಲಾಂಥಸ್ ಅನ್ನೋ ಕುಲಕ್ಕೆ ಸೇರಿದವು. ಕುಲ ಅಂದ್ರೆ ಹತ್ತಿರದ ಬಂಧು ಗಿಡಗಳ ಗುಂಪು, ಪ್ರಭೇದ ಅಂದ್ರೆ ಆ ಗುಂಪಿನೊಳಗಿನ ಒಂದೊಂದು ಬಗೆ. ಬೆಟ್ಟದ ನೆಲ್ಲಿ ಫಿಲಾಂಥಸ್ ಎಂಬ್ಲಿಕಾ. ಆಯುರ್ವೇದದ ಅಂಗಡಿ ಡಬ್ಬಿ ಮೇಲೆ ಎಂಬ್ಲಿಕಾ ಅಫಿಸಿನಾಲಿಸ್ ಅಂತ ಇದ್ರೆ ಅದು ಬೇರೆ ಮರ ಅನ್ಕೋಬೇಡಿ, ಅದೇ ಮರದ ಹಳೇ ಹೆಸರು. ಇನ್ನು ಕಿರುನೆಲ್ಲಿ ಅನ್ನೋ ಹೆಸರಂತೂ ಭಾರೀ ತೊಂದರೆ ಕೊಡತ್ತೆ, ಯಾಕಂದ್ರೆ ಒಂದೂರಲ್ಲಿ ಅದು ಗೆರೆಗೆರೆಯಾಗಿರೋ ಹುಳಿ ಕಾಯಿಯ ಮರ, ಇನ್ನೊಂದೂರಲ್ಲಿ ಕಾಮಾಲೆಗೆ ಅಂತ ಅರೆದು ಕುಡಿಸೋ ನೆಲದ ಗಿಡ. ಇಂಗ್ಲಿಷಿನ ಗೂಸ್‌ಬೆರಿ ಅನ್ನೋ ಪದವನ್ನ ಪೂರ್ತಿ ಮರೆತುಬಿಡಿ. ಯೂರೋಪಿನ ಗೂಸ್‌ಬೆರಿ ರೈಬೀಸ್ ಅನ್ನೋ ಮುಳ್ಳಿನ ಪೊದೆ, ಕೇಪ್ ಗೂಸ್‌ಬೆರಿ ಕಾಗದದಂಥ ಸಿಪ್ಪೆಯೊಳಗೆ ಕೂತಿರೋ ಹಣ್ಣು, ಟೊಮೆಟೊ ಬದನೆ ಸಂಬಂಧ. ಎರಡಕ್ಕೂ ನಮ್ಮ ನೆಲ್ಲಿಗೂ ನೆಂಟಸ್ತಿಕೆನೇ ಇಲ್ಲ.

ಏನೇನು ಬೇಕು: ಶಾಲೆ ಮಕ್ಕಳ 15 ಸೆಂಟಿಮೀಟರ್ ಸ್ಕೇಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಸಣ್ಣ ಕೈ ಲೆನ್ಸ್, ಒಂದು ಬಿಳಿ ಹಾಳೆ, ಒಂದು ಪಾಕೆಟ್ ನೋಟ್‌ಬುಕ್, ಮೊಬೈಲ್. ಲೆನ್ಸ್ ಇಲ್ದಿದ್ರೆ ಮರದ ನೆಲ್ಲಿಗಳಿಗೆ ಹೇಗೋ ನಡೆಯತ್ತೆ, ನೆಲನೆಲ್ಲಿಗೆ ನಡೆಯಲ್ಲ.

1. ಇದು ನೆಲ್ಲಿ ಕುಲದ್ದೇನಾ ಅಂತ ಖಾತ್ರಿ ಮಾಡ್ಕೊಳ್ಳಿ

ಇದೊಂದು ಹಂತ ಸರಿಯಾಗಿ ಕಲಿತ್ರೆ ಅರ್ಧ ಕೆಲಸ ಮುಗೀತು, ಅದಕ್ಕೆ ಇಲ್ಲಿ ಸ್ವಲ್ಪ ನಿಂತು ನೋಡಣ.

ನೆಲ್ಲಿ ಕೊಂಬೆ ನೋಡಿದ ತಕ್ಷಣ ಹುಣಸೆ ಸೊಪ್ಪಿನ ಥರ, ಗರಿ ಥರ ಕಾಣತ್ತೆ. ಹಾಗಾಗಿ ಎಲ್ಲರೂ ಒಂದು ಕಡ್ಡಿ ಪೂರ್ತಿ ಸೇರಿ ಒಂದು ಎಲೆ, ಅದರ ಮೇಲಿರೋ ಚಿಕ್ಕ ಚಿಕ್ಕವು ಎಲೆಯ ತುಂಡುಗಳು ಅನ್ಕೊಳ್ತಾರೆ. ಹುಣಸೇಲಿ ಅದು ನಿಜ, ಅದನ್ನ ಸಂಯುಕ್ತ ಎಲೆ ಅಂತಾರೆ, ಅಂದ್ರೆ ಒಂದೇ ಎಲೆ ಹಲವು ಕಿರು ಎಲೆಗಳಾಗಿ ಒಡೆದಿರೋದು. ನೆಲ್ಲೀಲಿ ಹಾಗಲ್ಲ. ಆ ಗರಿ ನಿಜವಾಗಿ ಒಂದು ತೆಳ್ಳನೆ ಕಿರುಕಡ್ಡಿ, ಅದರ ಮೇಲಿರೋ ಒಂದೊಂದೂ ಪೂರ್ತಿ ಎಲೆ.

ಅದು ಹೇಗೆ ಗೊತ್ತಾಗತ್ತೆ? ಆ ಸಣ್ಣ ಎಲೆಯ ಬುಡ ಕಡ್ಡಿಗೆ ಸೇರೋ ಮೂಲೆ ನೋಡಿ. ಅದಕ್ಕೆ ಎಲೆಕಂಕುಳು ಅಂತಾರೆ. ನೆಲ್ಲೀಲಿ ಆ ಕಂಕುಳಿನಿಂದಲೇ ಮೊಗ್ಗು, ಹೂವು, ಕಾಯಿ ಬಂದಿರತ್ತೆ (ಗೆರೆಗೆರೆ ಹುಳಿ ಕಾಯಿಯ ರಾಜನೆಲ್ಲಿ ಒಂದು ಬಿಟ್ಟು, ಅದರ ವಿಚಾರ 5ನೇ ಹಂತದಲ್ಲಿದೆ). ಸಂಯುಕ್ತ ಎಲೆಯ ಕಿರು ಎಲೆ ಕಂಕುಳಲ್ಲಿ ಯಾವತ್ತೂ ಹೂವು ಬಿಡಲ್ಲ. ಫಿಲಾಂಥಸ್ ಅನ್ನೋ ಗ್ರೀಕ್ ಮೂಲದ ಹೆಸರಿನ ಅರ್ಥನೂ ಎಲೆ-ಹೂವು ಅಂತಲೇ. ಕಾಯಿ ಇರೋ ಕಡ್ಡಿ ಒಂದನ್ನ ಬೆಳಕಿಗೆ ಹಿಡಿದು ನೋಡಿ, ಗರಿ ಉದ್ದಕ್ಕೂ ಎಲೆ ಬುಡದಲ್ಲಿ ಹಸಿರು ಮಣಿ ಪೋಣಿಸಿದ ಹಾಗೆ ಕೂತಿರತ್ತೆ.

ಇನ್ನೊಂದು ಪರೀಕ್ಷೆ, ಎಳೇ ಕಡ್ಡಿ ಮುರಿದಾಗ ಹಾಲು ಬರಬಾರದು. ಈ ಗಿಡಗಳನ್ನ ಮುಂಚೆ ಹಾಲುಗಳ್ಳಿ ಕುಟುಂಬದಲ್ಲಿ ಸೇರಿಸಿದ್ರು, ಈಗ ಫಿಲಾಂಥೇಸಿ ಅಂತ ಬೇರೆ ಕುಟುಂಬ ಆಗಿದೆ. ಹಾಲು ಬಂತು ಅಂದ್ರೆ ಅದು ನೆಲ್ಲಿ ಅಲ್ಲ, ಅಲ್ಲಿಗೆ ನಿಲ್ಲಿಸಿ. ಅವರೆ ಥರ ಚಪ್ಪಟೆ ಕೋಡು ಕಂಡ್ರೂ ನೆಲ್ಲಿ ಅಲ್ಲ.

2. ಗಿಡದ ಆಕಾರ ನೋಡಿ ಗುಂಪು ಮಾಡಿ

ಮರ ಆಗಿದ್ರೆ ಮೂರು ಸಾಧ್ಯತೆ: ಬೆಟ್ಟದ ನೆಲ್ಲಿ, ಅದರ ಒಣಕಾಡಿನ ಅಣ್ಣತಮ್ಮ ಫಿಲಾಂಥಸ್ ಇಂಡೋಫಿಷೆರಿ, ಇಲ್ಲಾಂದ್ರೆ ಹಿತ್ತಲಿನ ರಾಜನೆಲ್ಲಿ. ಹೊಳೆ ದಂಡೆ, ಬೇಲಿ ಮೇಲೆ ಬಾಗಿ ಹಬ್ಬಿರೋ ಪೊದೆ, ಬಟಾಣಿಗಿಂತ ಚಿಕ್ಕ ಕಾಯಿ ಮಾಗಿ ನೇರಳೆ ಮಿಶ್ರಿತ ಕಪ್ಪಾಗಿದ್ರೆ ಅದು ಫಿಲಾಂಥಸ್ ರೆಟಿಕ್ಯುಲೇಟಸ್, ಅದರ ವಿಚಾರ ಇಲ್ಲಿಗೆ ಸಾಕು. ಮೊಣಕಾಲುದ್ದದ ಒಳಗಿನ ಗಿಡ ಆದ್ರೆ ಸೀದಾ 7ನೇ ಹಂತಕ್ಕೆ ಹೋಗಿ.

3. ತೊಗಟೆ ಮುಟ್ಟಿ ನೋಡಿ

ಬೆಟ್ಟದ ನೆಲ್ಲಿ ತೊಗಟೆ ತೆಳು, ಬೂದು ಬಣ್ಣ, ಹೆಚ್ಚುಕಮ್ಮಿ ನುಣುಪು. ಅಲ್ಲಲ್ಲಿ ತೆಳ್ಳನೆ ಹಕ್ಕಳೆ ಎದ್ದು ಉದುರಿ, ಕೆಳಗೆ ಕೆಂಪು ಛಾಯೆಯ ಹೊಸ ತೊಗಟೆ ತೇಪೆ ಹಾಕಿದ ಹಾಗೆ ಕಾಣತ್ತೆ. ಸೀಬೆ ಮರದ ಬೊಡ್ಡೆ ನೋಡಿದವರಿಗೆ ಅದರ ನೆನಪಾಗತ್ತೆ.

ಇಂಡೋಫಿಷೆರಿ ತೊಗಟೆ ಹಾಗಿಲ್ಲ. ದಪ್ಪ, ಒರಟು, ಉದ್ದುದ್ದ ಬಿರುಕು. ಬೆರಳು ಆಡಿಸಿದ್ರೆ ಬಿರುಕಿನ ಅಂಚು ಕೈಗೆ ಸಿಗತ್ತೆ. ಎರಡೂ ಮರ ಒಂದರ ಪಕ್ಕ ಒಂದು ಸಿಕ್ಕರೆ ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಗೊತ್ತಾಗತ್ತೆ.

ಇಲ್ಲಿ ಎಡವೋ ಜಾಗ: ಎಳೇ ಮರ ನೋಡಬೇಡಿ, ಎರಡರದ್ದೂ ಚಿಕ್ಕಂದಿನಲ್ಲಿ ನುಣುಪಾಗೇ ಇರತ್ತೆ. ಬೆಂಕಿ ಬಿದ್ದ ಕಾಡಲ್ಲಿ ಬುಡ ಸುಟ್ಟು ಕರಕಲಾಗಿ ಒಡೆದಿರತ್ತೆ, ಅದನ್ನ ಬಿರುಕು ಅಂತ ಲೆಕ್ಕ ಹಾಕಬೇಡಿ. ಎದೆ ಮಟ್ಟದಲ್ಲಿ, ಸುಡದ ಕಡೆ ನೋಡಿ.

4. ಎಲೆ ಅಗಲ ಅಳೀರಿ

ಎಲೆ ಉದ್ದ ಅಷ್ಟಾಗಿ ಸಹಾಯ ಮಾಡಲ್ಲ, ಅಗಲ ಮಾಡತ್ತೆ. ಕಡ್ಡಿಯ ಮಧ್ಯ ಭಾಗದಿಂದ ಐದು ಎಲೆ ತಗೊಂಡು ಬಿಳಿ ಹಾಳೆ ಮೇಲಿಟ್ಟು ಸ್ಕೇಲ್ ಹಿಡೀರಿ. ತುದಿ ಎಲೆ, ಬುಡದ ಎಲೆ ಬೇಡ, ಅವು ಯಾವಾಗಲೂ ಚಿಕ್ಕವು.

ಬೆಟ್ಟದ ನೆಲ್ಲಿ ಎಲೆ ಸುಮಾರು 1ರಿಂದ 2 ಸೆಂಟಿಮೀಟರ್ ಉದ್ದ, ಅಗಲ 2ರಿಂದ 5 ಮಿಲಿಮೀಟರ್ ಒಳಗೆ, ಅಂದ್ರೆ ಪಟ್ಟಿ ಥರ ಕಿರಿದು. ಒತ್ತೊತ್ತಾಗಿ ಕೂತಿರೋದ್ರಿಂದ ದೂರದಿಂದ ಮರ ಪೂರ್ತಿ ಮೃದುವಾಗಿ, ನವಿರಾಗಿ ಕಾಣತ್ತೆ. ಇಂಡೋಫಿಷೆರಿ ಎಲೆ ಇದಕ್ಕಿಂತ ದೊಡ್ಡದು, ಅಗಲ ಅಂತೂ ಕಣ್ಣಿಗೇ ಗೊತ್ತಾಗೋಷ್ಟು ಜಾಸ್ತಿ, ಆಕಾರ ಪಟ್ಟಿಯಂತಲ್ಲದೆ ಮೊಟ್ಟೆ ಕಡೆಗೆ ವಾಲಿರತ್ತೆ. ಹಾಗಾಗಿ ಗರಿ ಅನ್ನೋ ಭಾವನೆ ಕಮ್ಮಿ, ಎಲೆಗಳನ್ನ ಒಂದೊಂದಾಗಿ ಎಣಿಸಬಹುದು ಅನ್ಸತ್ತೆ. ರಾಜನೆಲ್ಲಿ ಎಲೆ ಇವೆರಡಕ್ಕಿಂತ ತುಂಬಾ ದೊಡ್ಡದು, 2ರಿಂದ 7 ಸೆಂಟಿಮೀಟರ್, ತುದಿ ಚೂಪು. ಅದನ್ನ ಅಳೆಯೋ ಅಗತ್ಯನೇ ಬರಲ್ಲ.

ಇಲ್ಲಿ ಮೂರು ಕಡೆ ಜನ ತಪ್ಪು ಮಾಡ್ತಾರೆ.

ಒಂದು, ಕಡಿದ ಬುಡದಿಂದ ಎದ್ದ ಹೊಸ ಚಿಗುರಿನ ಎಲೆ ಅಳೆಯೋದು. ಆ ಚಿಗುರಿಗೆ ಬೇರಿನ ಬಲ ಪೂರ್ತಿ ಸಿಗತ್ತೆ, ಎಲೆ ಅಸಹಜ ದೊಡ್ಡದಾಗಿ ಬರತ್ತೆ.

ಎರಡು, ಎಲೆ ಉದುರೋ ಕಾಲದಲ್ಲಿ ಹೋಗೋದು. ಕಾಯಿ ಮುಗಿದ ಮೇಲೆ ಬೇಸಿಗೆ ಶುರುವಿನಲ್ಲಿ ನೆಲ್ಲಿ ಬರೀ ಎಲೆ ಅಲ್ಲ, ಆ ಕಿರುಕಡ್ಡಿ ಸಮೇತ ಉದುರಿಸತ್ತೆ. ಆಗ ಮರದಲ್ಲಿ ಹುಡುಕೋ ಬದಲು ಬುಡದಲ್ಲಿ ಬಿದ್ದಿರೋ ಕಡ್ಡಿ ಆರಿಸ್ಕೊಳ್ಳಿ, ಒಣಗಿದ್ರೂ ಅಗಲ ಅಳೀಬಹುದು.

ಮೂರನೇದು ತುಂಬಾ ಜನಕ್ಕೆ ಹೊಳೆಯಲ್ಲ. ನೆಲ್ಲಿ ಮರದ ಮೇಲೆ ದಪ್ಪನೆ, ಅಗಲ ಎಲೆ ಗುಂಪು ಕಂಡ್ರೆ ಅದು ಬದನಿಕೆ ಇರಬಹುದು. ಬದನಿಕೆ ಅಂದ್ರೆ ಇನ್ನೊಂದು ಮರದ ಕೊಂಬೆಗೆ ಬೇರಿಳಿಸಿ ನೀರು, ಲವಣ ಹೀರೋ ಪರಾವಲಂಬಿ ಗಿಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನ ಉಪ್ಪಿಲು ಅಂತಾರೆ. ಅಲ್ಲಿ ನೆಲ್ಲಿ ಮರಗಳಿಗೆ ಇದರ ಕಾಟ ಜಾಸ್ತಿ, ಹತ್ತಿದ ಕೊಂಬೆ ಸೊರಗಿ ಕಾಯಿ ಕಮ್ಮಿ ಆಗತ್ತೆ, ಕೊನೆಗೆ ಮರನೇ ಸಾಯೋದೂ ಉಂಟು. "ಒಂದೇ ನೆಲ್ಲಿ ಮರದಲ್ಲಿ ಎರಡು ಥರ ಎಲೆ ಇದೆ" ಅಂತ ಯಾರಾದ್ರೂ ಕಳಿಸಿದ್ರೆ ನಾನು ಮೊದಲು ಹುಡುಕೋದು ಈ ಬದನಿಕೆ ಗಂಟನ್ನೇ.

5. ಹೂವು ಸಿಕ್ಕರೆ ಬಿಡಬೇಡಿ

ಬೆಟ್ಟದ ನೆಲ್ಲಿ ಹೊಸ ಚಿಗುರಿನ ಜೊತೆಗೇ ಹೂ ಬಿಡತ್ತೆ, ಸಾಮಾನ್ಯವಾಗಿ ಮಾರ್ಚಿಂದ ಮೇ ಒಳಗೆ. ಹೂವು ಎಷ್ಟು ಚಿಕ್ಕದು ಅಂದ್ರೆ ಮರದ ಕೆಳಗೆ ಜೇನು ಗುಂಯ್ ಅನ್ನೋ ಸದ್ದು ಕೇಳಿದ ಮೇಲೇ ತಲೆ ಎತ್ತಿ ನೋಡ್ತೀವಿ. ಹಸಿರು ಹಳದಿ ಬಣ್ಣ, ಎಲೆಕಂಕುಳಲ್ಲಿ ಗೊಂಚಲು. ಗಂಡು ಹೂವು ರಾಶಿ ರಾಶಿ, ಹೆಣ್ಣು ಹೂವು ತೀರಾ ಕಮ್ಮಿ, ಎರಡೂ ಒಂದೇ ಮರದಲ್ಲಿ. ಲೆನ್ಸ್ ಹಿಡಿದು ಗಂಡು ಹೂವು ನೋಡಿದ್ರೆ ಆರು ದಳ, ನಡುವೆ ಮೂರು ಕೇಸರ ಒಂದೇ ಕಂಬದ ಥರ ಕೂಡಿಕೊಂಡಿರತ್ತೆ. ಕೇಸರ ಅಂದ್ರೆ ಪರಾಗದ ಪುಡಿ ಹೊತ್ತಿರೋ ಭಾಗ.

ರಾಜನೆಲ್ಲೀಲಿ ದಳ ನಾಲ್ಕೇ, ಬಣ್ಣ ಗುಲಾಬಿ ಕೆಂಪು, ಎಲೆ ಇರೋ ಕಡ್ಡೀಲಲ್ಲ, ಎಲೆ ಇಲ್ಲದ ಹಳೇ ಕೊಂಬೆ ಮೈಮೇಲೆ ಗೊಂಚಲಾಗಿ ಬರತ್ತೆ. ದಳ ಎಣಿಸಿದ್ರೆ ಸಾಕು, ತೀರ್ಮಾನ ಆಯ್ತು.

"ಹೂ ಬಿಟ್ಟು ಮೂರು ತಿಂಗಳಾಯ್ತು, ಕಾಯಿನೇ ಕಾಣ್ತಿಲ್ಲ, ಮರ ಬಂಜೆಯಾ" ಅಂತ ಕೇಳೋರು ತುಂಬಾ ಜನ. ಹೆದರಬೇಡಿ. ಬೆಟ್ಟದ ನೆಲ್ಲಿಯ ಹೀಚು ಪರಾಗಸ್ಪರ್ಶ ಆದ ಮೇಲೆ ಬೇಸಿಗೆ ಪೂರ್ತಿ ಬೆಳೆಯದೆ ಹಾಗೇ ಮಲಗಿರತ್ತೆ, ಮಳೆಗಾಲ ಬಂದ ಮೇಲೆ ಎದ್ದು ಉಬ್ಬತ್ತೆ. ಬಲಿಯೋದು ನವೆಂಬರ್ ಡಿಸೆಂಬರ್ ಹೊತ್ತಿಗೆ.

6. ಈಗ ಕಾಯಿ

ಬೆಟ್ಟದ ನೆಲ್ಲಿ ಕಾಯಿ ಗುಂಡಗೆ, ಮೇಲೆ ಕೆಳಗೆ ಸ್ವಲ್ಪ ಅದುಮಿದ ಹಾಗೆ. ಮೈ ನುಣುಪು, ಆರು ಮಸುಕು ಗೆರೆ, ಉಬ್ಬಿಲ್ಲ, ಬರೀ ಗೆರೆ. ಕಾಡಿನದು ಸಾಮಾನ್ಯವಾಗಿ ಗೋಲಿಗಿಂತ ಒಂಚೂರು ದೊಡ್ಡದು. ಕಚ್ಚಿದ್ರೆ ಮೊದಲು ಒಗರು ಹುಳಿ, ಮೇಲೆ ನೀರು ಕುಡಿದ್ರೆ ಸಿಹಿ.

ರಾಜನೆಲ್ಲೀಲಿ ಗೆರೆ ಅಲ್ಲ, ಎದ್ದು ಕಾಣೋ ಆರರಿಂದ ಎಂಟು ಉಬ್ಬು ಏಣು, ಪುಟಾಣಿ ಕುಂಬಳಕಾಯಿ ಥರ. ಮೇಣದಂಥ ತಿಳಿ ಹಳದಿ, ಬರೀ ಹುಳಿ, ಆ ಒಗರು ಇರಲ್ಲ. ಉಪ್ಪು ಖಾರ ಹಾಕಿ ಮಾರ್ತಾರಲ್ಲ, ಅದೇ.

ಇಂಡೋಫಿಷೆರಿ ಕಾಯಿ ಕಾಡಿನ ಬೆಟ್ಟದ ನೆಲ್ಲಿಗಿಂತ ದೊಡ್ಡದು. ಇಲ್ಲೇ ದೊಡ್ಡ ತಪ್ಪಾಗೋದು. ಕಾಡಲ್ಲಿ ದೊಡ್ಡ ಕಾಯಿ ಕಂಡ ತಕ್ಷಣ ಯಾರೋ ಕಸಿ ಗಿಡ ನೆಟ್ಟಿದಾರೆ ಅಂತ ತೀರ್ಮಾನ ಮಾಡಿಬಿಡ್ತಾರೆ. ಬನಾರಸಿ, ಚಕೈಯಾ, ಕೃಷ್ಣ, ಕಾಂಚನ್ ಮುಂತಾದ ತೋಟದ ತಳಿಗಳೆಲ್ಲ ಬೆಟ್ಟದ ನೆಲ್ಲಿಯೇ, ಆರಿಸಿ ಬೆಳೆಸಿದ್ದು ಅಷ್ಟೇ. ಹಾಗಾಗಿ ಅವುಗಳ ಕಾಯಿ ಎಷ್ಟೇ ದಪ್ಪ ಇರ್ಲಿ, ಎಲೆ ಕಿರಿದಾಗೇ ಇರತ್ತೆ, ತೊಗಟೆ ಹಕ್ಕಳೆ ಏಳೋ ಥರದ್ದೇ. ದೊಡ್ಡ ಕಾಯಿ, ಕಿರಿದು ಎಲೆ ಅಂದ್ರೆ ತೋಟದ ತಳಿ ಇರಬಹುದು. ದೊಡ್ಡ ಕಾಯಿ, ಅಗಲ ಎಲೆ, ಬಿರುಕು ತೊಗಟೆ ಮೂರೂ ಕೂಡಿದ್ರೆ ಇಂಡೋಫಿಷೆರಿ. ಮೂರಲ್ಲಿ ಎರಡೇ ಕೂಡಿದ್ರೆ ಹೆಸರು ಹೇಳಬೇಡಿ, ಹೂವಿನ ಕಾಲದಲ್ಲಿ ಇನ್ನೊಮ್ಮೆ ಹೋಗಿ.

ಬೀಜನೂ ನೋಡಿ. ಬೆಟ್ಟದ ನೆಲ್ಲಿ ಒಳಗಿನ ಗಟ್ಟಿ ಗುಂಡು ಒಂದೇ ಬೀಜ ಅಲ್ಲ, ಮೂರು ಕೋಣೆಯ ಪೆಟ್ಟಿಗೆ, ಒಂದೊಂದರಲ್ಲಿ ಎರಡೆರಡರಂತೆ ಆರು ಬೀಜ. ತಿರುಳು ತೆಗೆದು ಬಿಸಿಲಿಗಿಡಿ, ಪೂರ್ತಿ ಒಣಗಿದಾಗ ಪಟ್ ಅಂತ ಒಡೆದು ಬೀಜ ಹಾರತ್ತೆ, ಅದಕ್ಕೆ ಮೇಲೊಂದು ತೆಳು ಬಟ್ಟೆ ಮುಚ್ಚಿ. ಕಾಡಲ್ಲಿ ಜಿಂಕೆಗಳು ಕಾಯಿ ತಿಂದು, ಮೆಲುಕು ಹಾಕುವಾಗ ಈ ಗುಂಡನ್ನ ಉಗುಳ್ತಾವೆ, ಮರ ಹರಡೋದು ಹಾಗೆ.

ಸಿಕ್ಕ ಜಾಗ ಬರ್ಕೊಳ್ಳೋದು ಮರೀಬೇಡಿ. ಬೆಟ್ಟದ ನೆಲ್ಲಿ ಭಾರತದ ಎಲೆ ಉದುರೋ ಕಾಡುಗಳಲ್ಲೆಲ್ಲ ಸಿಗತ್ತೆ. ಇಂಡೋಫಿಷೆರಿ ದಕ್ಷಿಣ ಭಾರತ ಬಿಟ್ಟು ಜಗತ್ತಲ್ಲಿ ಬೇರೆಲ್ಲೂ ಇಲ್ಲ, ಅದೂ ಒಣ ಕುರುಚಲು ಕಾಡಿನ ಕಡೆ ಹೆಚ್ಚು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡೂ ಇದಾವೆ. ಸೋಲಿಗರು ಎರಡನ್ನೂ ಬೇರೆ ಬೇರೆ ಅಂತಲೇ ಗುರುತಿಸ್ತಾರೆ, ಆದ್ರೆ ಕೆಳಗೆ ಪೇಟೆಗೆ ಬಂದ ಮೇಲೆ ಎರಡೂ ಒಂದೇ ಮೂಟೆ, ಒಂದೇ ಹೆಸರು, ಅದೇ ನನಗೆ ಬೇಜಾರು. ಒಂದು ಮರ ಕಮ್ಮಿ ಆಗ್ತಿದೆ ಅಂತ ಗೊತ್ತಾಗಬೇಕಾದ್ರೆ ಅದಕ್ಕೊಂದು ಹೆಸರಾದ್ರೂ ಇರಬೇಕಲ್ವಾ. ಇಂಡೋಫಿಷೆರಿ ಅನ್ನೋ ಹೆಸರು ಬಂದಿದ್ದು ಸಿ.ಇ.ಸಿ. ಫಿಷರ್ ಅನ್ನೋ ಅರಣ್ಯಾಧಿಕಾರಿ, ಸಸ್ಯಶಾಸ್ತ್ರಜ್ಞರ ನೆನಪಿಗೆ.

7. ನೆಲನೆಲ್ಲಿಗಳು: ಲೆನ್ಸ್ ತೆಗೀರಿ

ಮಳೆ ಬಿದ್ದ ಮೇಲೆ ಹಿತ್ತಲು, ಗದ್ದೆ ಬದು, ಹೂಕುಂಡ ಎಲ್ಲಾ ಕಡೆ ಏಳೋ ಗಿಡ. ಗರಿಯ ಕೆಳಗೆ ಸಾಲಾಗಿ ಸಾಸಿವೆಗಿಂತ ಒಂಚೂರು ದೊಡ್ಡ ಕಾಯಿ. ಹಳೇ ಪುಸ್ತಕದಲ್ಲಿ ಎಲ್ಲಕ್ಕೂ ಫಿಲಾಂಥಸ್ ನಿರೂರಿ ಅಂತ ಒಂದೇ ಹೆಸರು ಬರೆದುಬಿಟ್ಟಿದಾರೆ. ನಿಜವಾದ ನಿರೂರಿ ಅಮೆರಿಕ ಖಂಡದ್ದು. ನಮ್ಮಲ್ಲಿ ಆ ಹೆಸರಲ್ಲಿ ಕರೀತಿದ್ದದ್ದು ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಅನ್ನೋ ಮೂರು ಬೇರೆ ಬೇರೆ ಪ್ರಭೇದ ಅಂತ 1985ರಲ್ಲೇ ಸಸ್ಯಶಾಸ್ತ್ರಜ್ಞರು ಬಿಡಿಸಿ ಬರೆದಿದಾರೆ, ಆದ್ರೂ ಹಳೇ ಹೆಸರು ಓಡ್ತಾನೇ ಇದೆ.

ಕೆಲಸ ಹೀಗೆ ಮಾಡಿ. ಗಿಡ ತಿರುವಿ ಹಾಕಿ ಒಂದು ಕಾಯಿ ಹಿಡ್ಕೊಳ್ಳಿ. ಹೂವಿನ ದಳಗಳು ಉದುರದೆ ಕಾಯಿ ಬುಡದಲ್ಲಿ ಪುಟ್ಟ ತಟ್ಟೆ ಥರ ಉಳ್ಕೊಂಡಿರತ್ತೆ. ಲೆನ್ಸ್ ಕಣ್ಣಿಗೆ ಹತ್ತಿರ ಹಿಡಿದು, ಗಿಡವನ್ನೇ ಲೆನ್ಸ್ ಹತ್ತಿರ ತನ್ನಿ. ತಟ್ಟೇಲಿ ಐದು ದಳ ಇದ್ದು, ಕಾಯಿ ನುಣುಪಾಗಿ, ಚಿಕ್ಕ ತೊಟ್ಟಿನಿಂದ ನೇತಾಡ್ತಿದ್ರೆ ಫಿಲಾಂಥಸ್ ಅಮಾರಸ್, ನಮ್ಮಲ್ಲಿ ಸಾಮಾನ್ಯವಾಗಿ ನೆಲನೆಲ್ಲಿ ಅಂತ ಬಳಸೋದು. ಆರು ದಳ, ದಳದ ಅಂಚು ಅಗಲಕ್ಕೆ ಬಿಳಿ ಇದ್ರೆ ಫ್ರಾಟರ್ನಸ್. ಆರು ದಳ ಇದ್ದು ಕಾಯಿ ತೊಟ್ಟೇ ಇಲ್ಲದ ಹಾಗೆ ಕಡ್ಡಿಗೆ ಅಂಟಿ, ಮೈ ತರಿತರಿ, ಕೆಂಪು ಛಾಯೆ, ಕಾಂಡನೂ ಕೆಂಪಾಗಿದ್ರೆ ಅದು ಫಿಲಾಂಥಸ್ ಯುರಿನೇರಿಯಾ ಅನ್ನೋ ಇನ್ನೊಂದು ಪ್ರಭೇದ. ಇನ್ನೂ ಅನುಮಾನ ಇದ್ರೆ ಬೀಜ ನೋಡಿ, ಅಮಾರಸ್ ಬೀಜದ ಬೆನ್ನಲ್ಲಿ ಉದ್ದುದ್ದ ಗೆರೆ, ಯುರಿನೇರಿಯಾದಲ್ಲಿ ಅಡ್ಡಡ್ಡ ಗೆರೆ.

ಗರಿ ಥರ ಕಡ್ಡಿನೇ ಇಲ್ಲ, ಮುಖ್ಯ ಕಾಂಡದ ಮೇಲೂ ಪೂರ್ತಿ ಎಲೆ ಇದೆ, ಎಲೆ ತುದಿ ಕಡೆ ಅಗಲ ಬುಡ ಕಿರಿದು ಅಂದ್ರೆ ಅದು ಫಿಲಾಂಥಸ್ ಮದರಾಸ್‌ಪಟೆನ್ಸಿಸ್. ಅಮಾರಸ್ ಮುಖ್ಯ ಕಾಂಡದಲ್ಲಿ ಎಲೆ ಇರಲ್ಲ, ಕಂಡೂ ಕಾಣದ ಹುರುಪೆಯಂಥ ಚೂರು ಇರತ್ತೆ ಅಷ್ಟೇ.

ಇದನ್ನ ಗಂಭೀರವಾಗಿ ಹೇಳ್ತಿದೀನಿ: ಈ ಲೇಖನ ಓದಿ ಗುರುತು ಹಿಡಿದು ಕಾಮಾಲೆಗೆ ಕಷಾಯ ಮಾಡ್ಕೋಬೇಡಿ. ಕಣ್ಣು ಹಳದಿ ಆದ್ರೆ ಮೊದಲು ಡಾಕ್ಟ್ರ ಹತ್ತಿರ ಹೋಗಿ.

8. ಫೋಟೋ ಕಳಿಸೋದಾದ್ರೆ

ಐದು ಫೋಟೋ ಬೇಕು. ಮರ ಪೂರ್ತಿ, ಎದೆ ಮಟ್ಟದ ತೊಗಟೆ, ಒಂದು ಪೂರ್ತಿ ಕಿರುಕಡ್ಡಿ ಪಕ್ಕದಲ್ಲಿ ಸ್ಕೇಲ್ ಇಟ್ಟು, ಎಲೆಕಂಕುಳು ಹತ್ತಿರದಿಂದ, ಅಡ್ಡ ಕೊಯ್ದ ಕಾಯಿ. ಊರಿನ ಹೆಸರು, ತಿಂಗಳು, ಕಾಡೋ ತೋಟನೋ ಅಂತ ಎರಡು ಸಾಲು ಬರೀರಿ. ಸ್ಕೇಲ್ ಇಲ್ದಿದ್ರೆ ಒಂದು ರೂಪಾಯಿ ನಾಣ್ಯ ಇಡಿ. ಸ್ಥಳೀಯರು ಏನಂತ ಕರೀತಾರೆ ಅಂತ ಕೇಳಿ ಬರ್ಕೊಳ್ಳಿ, ಆದ್ರೆ ಆ ಹೆಸರಿನ ಮೇಲೇ ತೀರ್ಮಾನ ಬೇಡ.

ಕೊಂಬೆ ಮುರೀಬೇಡಿ. ಕಾಯಿಗೋಸ್ಕರ ಕೊಂಬೆನೇ ಕಡಿಯೋದು, ತುಳಸಿ ಹಬ್ಬಕ್ಕೆ ಕಾಡು ಮರ ಸವರೋದು, ಇದರಿಂದ ಮರಕ್ಕೆ ಆಗೋ ಗಾಯ ಬೇಗ ಮಾಯಲ್ಲ. ಹಬ್ಬಕ್ಕೆ ತೋಟದ ಮರದ್ದು ಒಂದು ಗೇಣು ರೆಂಬೆ ಸಾಕು. ರಕ್ಷಿತ ಕಾಡಲ್ಲಂತೂ ಒಂದೆಲೆನೂ ಕೀಳೋ ಹಾಗಿಲ್ಲ. ಬಿಳಿಗಿರಿ ಕಾಡಲ್ಲಿ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ, ಅಲ್ಲಿನ ನೆಲ್ಲಿ ಕಾಯಿ ಕೊಯ್ಯೋದು ಅವರ ಹಕ್ಕು, ಸುತ್ತಾಡಕ್ಕೆ ಹೋದ ನಮ್ಮದಲ್ಲ. ನಮಗೆ ಬೇಕಾದ್ದೆಲ್ಲ ಬುಡದಲ್ಲಿ ಬಿದ್ದಿರೋ ಕಡ್ಡಿ, ಉದುರಿದ ಕಾಯೀಲಿ ಸಿಗತ್ತೆ. ಡಿಸೆಂಬರಿನಲ್ಲಿ ಹೋಗಿ ಮರದ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಸ್ಕೇಲ್ ತೆಗೆದು ಕಡ್ಡಿ ಮಧ್ಯದ ಐದು ಎಲೆಯ ಅಗಲ ಬರ್ಕೊಳ್ಳಿ.